ಅರವತ್ತೊಂದು ಮನೆಯ ‘ಇಲ್ಲ’

ಈ ಕಥೆಯಲ್ಲಿ ತಪ್ಪಿತಸ್ಥರು ಯಾರು ಎಂದು ಹುಡುಕುವ ಕಷ್ಟ ನಿಮಗೆ ಬೇಡ. ನಾನೇ. ಹೆಸರು ಮಹಾದೇವಕ್ಕ. ಹುಲಗೂರಿನಿಂದ ಸವಣೂರಿನ ಕಡೆ ಹೊರಟರೆ ಎಡಕ್ಕೆ ಒಳಗೆ ಸಿಗುವ ಅರವತ್ತೊಂದು ಮನೆಯ ಊರಿನವಳು, ಇಪ್ಪತ್ತು ಗುಂಟೆ ವೀಳ್ಯದ ಎಲೆಬಳ್ಳಿ ತೋಟದ ಒಡತಿ. ಪಹಣಿ ಇರುವುದು ಮನೆಯವರ ಹೆಸರಿನಲ್ಲಿ. ಅವರು ಉಳವಪ್ಪ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಿಜವಾಗಿದ್ದರೆ ಅವರು ಮದುವೆಯಾದ ವರ್ಷವೇ ಹೋಗಬೇಕಿತ್ತು, ಗಟ್ಟಿಯಾಗಿದ್ದಾರೆ. ಮಾತು ಮಾತ್ರ ಕಡಿಮೆ. ಮನೆಗೆ ಬೇಕಾದಷ್ಟು ಮಾತನ್ನು ನಾನೊಬ್ಬಳೇ ಆಡುತ್ತೇನೆಂದು ಅವರು ಆ ಕೆಲಸ ಬಿಟ್ಟುಬಿಟ್ಟಿದ್ದಾರೆ.

ನಮ್ಮೂರಿನಲ್ಲಿ ಒಂದು ಪದ್ಧತಿ ಇದೆ. ಕೈಯಲ್ಲಿ ಪೆನ್ನು ಹಿಡಿದು ಊರೊಳಗೆ ಬಂದವರು ಯಾರೇ ಇರಲಿ, ಏನೇ ಕೇಳಲಿ, ಮೊದಲ ಉತ್ತರ ‘ಇಲ್ಲ’. ಎಮ್ಮೆ ಎಷ್ಟಿವೆ? ಇಲ್ಲ. ಅಷ್ಟರಲ್ಲಿ ಹಿತ್ತಲಿನಲ್ಲಿ ಎಮ್ಮೆ ಒದರಿದರೆ ಅದು ಬೀಗರ ಎಮ್ಮೆ, ಹಬ್ಬಕ್ಕೆ ಬಂದಿದೆ. ಇದು ಸುಮ್ಮನೆ ಬಂದ ಬುದ್ಧಿಯಲ್ಲ. ನೆರೆಮನೆಯ ಕನಕಪ್ಪನ ಅಪ್ಪ ಒಮ್ಮೆ ಯಾವುದೋ ಸರ್ವೆಗೆ ಬಂದ ಮಾಸ್ತರರ ಮುಂದೆ ದೊಡ್ಡಸ್ತಿಕೆ ತೋರಿಸಲು ಹೋಗಿ, ಮನೆಯಲ್ಲಿ ಇಲ್ಲದ ಫ್ರಿಜ್ಜು, ಇಲ್ಲದ ಮೋಟಾರ್ ಸೈಕಲ್ಲು ಎಲ್ಲವನ್ನೂ ಇದೆ ಎಂದು ಬರೆಸಿದ್ದ. ಮರುವರ್ಷ ಅವನ ರೇಷನ್ ಕಾರ್ಡು ರದ್ದಾಯಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ದೇವರಿಗೇ ಗೊತ್ತು. ಊರು ಮಾತ್ರ ಪಾಠ ಕಲಿಯಿತು: ಬಾಯಿ ಬಿಟ್ಟರೆ ಬಣ್ಣಗೇಡು. ಆ ಪಾಠವನ್ನು ಸೊಸೆಯರಿಗೆ, ಮೊಮ್ಮಕ್ಕಳಿಗೆ ತಪ್ಪದೆ ಹೇಳಿಕೊಡುವ ಹೊಣೆ ನನ್ನದು.

ಬಂಕಾಪುರ ದಾಟಿ ಹೆದ್ದಾರಿ ಪಕ್ಕ ಐದು ವರ್ಷದ ಹಿಂದೆ ಒಂದು ತಾಳೆ ಎಣ್ಣೆ ಗಿರಣಿ ಬಂತು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅಲ್ಲಲ್ಲಿ ತಾಳೆ ಹಚ್ಚಿದವರ ಹಣ್ಣೆಲ್ಲ ಅಲ್ಲಿಗೇ ಬರುತ್ತದೆ. ಗೊನೆಯನ್ನು ಹಬೆಯಲ್ಲಿ ಬೇಯಿಸಿ ಹಣ್ಣು ಉದುರಿಸುತ್ತಾರೆ, ಹಣ್ಣು ಹಿಂಡಿ ಎಣ್ಣೆ ತೆಗೆಯುತ್ತಾರೆ. ಉಳಿಯುವುದು ಮುಳ್ಳುಮುಳ್ಳಾದ, ನಾರು ತುಂಬಿದ ಖಾಲಿ ಗೊನೆ. ನಾವು ಅದಕ್ಕೆ ಬೋಳಗೊನಿ ಎನ್ನುತ್ತೇವೆ. ಗಿರಣಿಯ ಹಿಂದೆ ಅದರ ಗುಡ್ಡವೇ ಬಿತ್ತು. ಮಳೆಗೆ ಕೊಳೆತು ಅದು ಬಿಟ್ಟ ವಾಸನೆಗೆ ಬಂಕಾಪುರ ಕೋಟೆಯ ನವಿಲುಗಳೂ ಮೂಗು ಮುಚ್ಚಿಕೊಂಡವು ಎಂದು ಮಲ್ಲಿಕಸಾಬ ಹೇಳುತ್ತಿದ್ದ. ನವಿಲು ಯಾವ ಕೈಯಿಂದ ಮೂಗು ಮುಚ್ಚಿತು ಎಂದು ಕೇಳಿದರೆ ಅವನಿಗೆ ಸಿಟ್ಟು. ಊರಿಗೆಲ್ಲ ಇರುವ ಒಂದೇ ಟ್ರ್ಯಾಕ್ಟರ್ ಅವನದು, ಸಿಟ್ಟು ಬರಿಸುವ ಹಾಗಿಲ್ಲ.

ಆ ಟ್ರ್ಯಾಕ್ಟರಿನಲ್ಲಿ ಮೊದಲ ಬಾರಿ ಬೋಳಗೊನಿ ಹೇರಿಸಿಕೊಂಡು ಬಂದವಳು ನಾನು. ಎಲೆಬಳ್ಳಿ ಹೆಣ್ಣಿನಂತೆ ನಾಜೂಕು ಎನ್ನುವ ಗಂಡಸರಿದ್ದಾರೆ. ಅವರು ಬಳ್ಳಿಯನ್ನೂ ನೋಡಿಲ್ಲ, ಹೆಣ್ಣನ್ನೂ ನೋಡಿಲ್ಲ. ಬಳ್ಳಿ ಹಟಮಾರಿ. ಬುಡ ತಂಪಾಗಿರಬೇಕು, ಆದರೆ ನೀರು ನಿಲ್ಲಬಾರದು. ಬಿಸಿಲು ಬೇಕು, ಆದರೆ ನೆರಳಿನಿಂದ ಸೋಸಿದ್ದು ಬೇಕು. ನಮ್ಮ ಬೋರಿನಲ್ಲಿ ಬೇಸಿಗೆಗೆ ನೀರು ಬರುವುದೇ ಒಂದು ತಾಸು. ಬುಡಕ್ಕೆ ಗೇಣು ದಪ್ಪ ಬೋಳಗೊನಿ ಹಾಸಿದ ವರ್ಷದಿಂದ ದಿನ ಬಿಟ್ಟು ದಿನ ಉಣಿಸುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ ಸಾಕಾಯಿತು. ಎಲೆ ಅಂಗೈ ಅಗಲ ಆಯಿತು, ಸವಣೂರ ಪೇಟೆಯಲ್ಲಿ ನನ್ನ ಎಲೆಯ ಪೆಂಡಿಯನ್ನು ಕಟ್ಟು ಬಿಚ್ಚಿ ನೋಡದೆ ಒಯ್ಯತೊಡಗಿದರು. ಅದನ್ನು ನೋಡಿ ಕನಕಪ್ಪ ಮೆಣಸಿನಕಾಯಿ ಹೊಲಕ್ಕೆ ಹಾಕಿದ, ಅವನನ್ನು ನೋಡಿ ಉಳಿದವರು. ಗೇಟಿನವನು ಚೀಟಿ ಕೇಳಲಿಲ್ಲ, ಸಹಿ ಕೇಳಲಿಲ್ಲ. ಒಯ್ದರೆ ಸಾಕಪ್ಪಾ ಎಂದು ಕೈ ಮುಗಿಯುತ್ತಿದ್ದ.

ಹೀಗಿರುವಾಗ ಹೋದ ದೀಪಾವಳಿ ಆದ ಮೇಲೆ ಸ್ಕೂಟಿಯ ಮೇಲೆ ಒಬ್ಬ ಹುಡುಗಿ ಬಂದಳು, ಕೈಯಲ್ಲಿ ಪೆನ್ನು. ಹೆಸರು ವಾಣಿಶ್ರೀ, ಹಿರೇಕೆರೂರಿನವಳು, ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಗಿರಣಿಯವರು ಇನ್ನು ಮುಂದೆ ಬೋಳಗೊನಿಯನ್ನು ಆಸಿಡ್ಡು ಹಾಕಿ, ಹಬೆಯಲ್ಲಿ ಬೇಯಿಸಿ, ಅದರಿಂದ ಫರ್ಫ್ಯೂರಲ್ ಎಂಬ ರಸಾಯನ ಇಳಿಸುತ್ತಾರಂತೆ. ಎರಕದ ಕಾರ್ಖಾನೆಗಳಲ್ಲಿ ಮರಳು ಗಟ್ಟಿ ಮಾಡುವ ಅಂಟಿಗೆ ಅದು ಬೇಕಂತೆ. ಈಗ ಹಡಗಿನಲ್ಲಿ ಹೊರದೇಶದಿಂದ ಬರುತ್ತದಂತೆ. ಇದರಿಂದ ನೆಲ, ನೀರು, ಗಾಳಿಗೆ ಒಳ್ಳೆಯದೆಷ್ಟು, ಕೆಟ್ಟದ್ದೆಷ್ಟು ಎಂದು ತಕ್ಕಡಿಯಲ್ಲಿ ಹಾಕಿದ ಹಾಗೆ ತೂಗಿ ಬರೆಯುವುದು ಅವಳ ಕೆಲಸ. ಇಷ್ಟನ್ನೂ ಅವಳು ನನ್ನ ಕಟ್ಟೆಯ ಮೇಲೆ ಕೂತು, ನನ್ನ ಚಹಾ ಕುಡಿದು, ಚೆಂದವಾಗಿ ಬಿಡಿಸಿ ಹೇಳಿದಳು. ನಾನು ಕೇಳಲೇ ಇಲ್ಲ. ನನ್ನ ಕಣ್ಣು ಪೆನ್ನಿನ ಮೇಲೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪುಕ್ಕಟೆ ಒಯ್ದದ್ದಕ್ಕೆ ಈಗ ಚೀಟಿ ಹರಿಯಲು ಬಂದಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಅವಳು ಮುಖ ತೊಳೆಯಲು ಬಚ್ಚಲಿಗೆ ಹೋದಾಗ, ಏನು ಕೇಳಿದರೂ ಇಲ್ಲ ಎನ್ನಿ ಎಂದು ಹೇಳಿಬರಲು ಮಲ್ಲಿಕಸಾಬನನ್ನು ಓಣಿಓಣಿಗೆ ಓಡಿಸಿದೆ. ಅವಳ ಹಾಳೆಯಲ್ಲಿ ಹದಿನೇಳನೆಯ ಪ್ರಶ್ನೆ ಇದು: ಗಿರಣಿಯ ಖಾಲಿ ಗೊನೆಯನ್ನು ನೀವು ಯಾವುದಕ್ಕಾದರೂ ಬಳಸುತ್ತೀರಾ? ನಾನು ಇಲ್ಲ ಎಂದೆ. ಬಳಸುವುದಿರಲಿ, ಕಣ್ಣಿನಿಂದ ನೋಡಿಲ್ಲ ಎಂದೂ ಸೇರಿಸಿದೆ, ರುಚಿಗೆ ತಕ್ಕಷ್ಟು ಉಪ್ಪು. ಕನಕಪ್ಪ ಬಾಯಿ ತೆರೆಯುವಷ್ಟರಲ್ಲಿ ನಾನು ಕೆಮ್ಮಿದೆ, ಅವನೂ ಇಲ್ಲ ಎಂದ. ಸಂಜೆಯೊಳಗೆ ಅರವತ್ತೊಂದು ಮನೆ, ಅರವತ್ತೊಂದು ಇಲ್ಲ. ಅರವತ್ತೊಂದು ಸಹಿ.

ಸ್ಕೂಟಿ ಹೋದ ಮೇಲೆ ಮನೆಯವರು ಬಾಯಿ ತೆರೆದರು. ಆ ವಾರದಲ್ಲಿ ಅದೇ ಮೊದಲು.

“ಖರೇ ಹೇಳಿದ್ರ ಏನಾಕ್ಕಿತ್ತ?”

ಸುಮ್ಮನೆ ರೊಟ್ಟಿ ತಿನ್ನಿರಿ ಎಂದೆ. ಆ ಮಾತಿಗೆ ನಾನು ಇವತ್ತಿಗೂ ಬೆಲೆ ತೆರುತ್ತಿದ್ದೇನೆ.

ಸಂಕ್ರಾಂತಿಯ ಮರುದಿನ ಮಲ್ಲಿಕಸಾಬ ಖಾಲಿ ಟ್ರ್ಯಾಕ್ಟರ್ ತಿರುಗಿಸಿಕೊಂಡು ಬಂದ. ಗೇಟು ಮುಚ್ಚಿದ್ದಾರೆ, ಒಂದು ಗೊನಿಯೂ ಹೊರಗೆ ಬಿಡುವುದಿಲ್ಲವಂತೆ. ನಾನು ಅದೇ ಟ್ರ್ಯಾಕ್ಟರ್ ಏರಿ ಗಿರಣಿಗೆ ಹೋದೆ. ಅಲ್ಲಿ ಹೊಸ ಬಾಯ್ಲರ್ ನಿಂತಿತ್ತು, ಪಕ್ಕದಲ್ಲಿ ಆಸಿಡ್ಡಿನ ಟ್ಯಾಂಕು. ಅದಕ್ಕೂ ವಿಭೂತಿ ಹಚ್ಚಿ, ಹಾರ ಹಾಕಿ, ನಿಂಬೆಹಣ್ಣು ಕಟ್ಟಿದ್ದರು. ಆಸಿಡ್ಡಿಗೆ ಯಾರ ದೃಷ್ಟಿ ತಾಗುತ್ತದೋ. ಮ್ಯಾನೇಜರ್ ಮೃತ್ಯುಂಜಯ ಸಾಹೇಬರು ಕುರ್ಚಿ ಕೊಟ್ಟರು, ಬಹಳ ನಯವಾದ ಮನುಷ್ಯ. ಸದ್ಯ ಪರೀಕ್ಷೆಗೆಂದು ನಡೆಸಿದ್ದೇವೆ, ಗೊನೆಯೆಲ್ಲ ಇದಕ್ಕೇ ಬೇಕು, ನಿಮಗೇನೂ ತೊಂದರೆ ಇಲ್ಲವಲ್ಲ ಎಂದರು. ತೊಂದರೆ ಇದೆ ಎಂದೆ. ಅವರು ಕಪಾಟಿನಿಂದ ಒಂದು ದಪ್ಪ ವರದಿ ತೆಗೆದು ಪುಟ ತಿರುವಿ ನನ್ನ ಮುಂದಿಟ್ಟರು. ಊರಿನ ಅರವತ್ತೊಂದೂ ಮನೆಗಳಲ್ಲಿ ಈ ತ್ಯಾಜ್ಯವನ್ನು ಯಾರೂ ಬಳಸುತ್ತಿಲ್ಲ ಎಂದು ಅಚ್ಚಾಗಿತ್ತು. ಹಿಂದಿನ ಹಾಳೆಗಳಲ್ಲಿ ಎಲ್ಲರ ಸಹಿ. ಎಲ್ಲಕ್ಕಿಂತ ಮೇಲೆ ನನ್ನದು, ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರು ಹೊಗಳಿದ್ದ ದುಂಡು ಅಕ್ಷರದಲ್ಲಿ.

ಫೆಬ್ರವರಿ ಮುಗಿಯುವಷ್ಟರಲ್ಲಿ ಹಳೆಯ ಗೊನಿ ಕರಗಿ ಮಣ್ಣಾಗಿತ್ತು, ಮೇಲೆ ಹಾಸಲು ಹೊಸದಿಲ್ಲ. ಕಬ್ಬಿನ ಒಣಗರಿ, ರವದಿ ಹಾಕಿ ನೋಡಿದೆ, ಅದು ಗೆದ್ದಲಿನ ಪಾಲಾಯಿತು. ಎಲೆಯ ಅಂಚು ಹಳದಿಯಾಗತೊಡಗಿತು. ಇಪ್ಪತ್ನಾಲ್ಕು ಸಾಲುಗಳಲ್ಲಿ ಪಡುವಣ ಅಂಚಿನವು ಮೊದಲು ಜೋತವು. ನಾನು ತೋಟದಲ್ಲಿ ಕೂತು ಅತ್ತೆ. ಅತ್ತೆ ಎಂದು ಹೇಳಲು ನನಗೆ ನಾಚಿಕೆ ಇಲ್ಲ. ಆ ಬಳ್ಳಿಗಳನ್ನು ನೆಟ್ಟ ವರ್ಷ ನನ್ನ ಅವ್ವ ತೀರಿಹೋದಳು, ಒಂದು ಸಾಲು ಅವಳೇ ಕೈಯಾರೆ ನೆಟ್ಟದ್ದು.

ಅತ್ತು ಮುಗಿದ ಮೇಲೆ ವಾಣಿಶ್ರೀಗೆ ಫೋನು ಹಚ್ಚಿ ಎಲ್ಲ ಒಪ್ಪಿಕೊಂಡೆ. ಆ ಕಡೆಯಿಂದ ಅವಳು ಸಿಡಿದಳು.

“ಅಕ್ಕಾರ, ಗೊನಿ ಅಲ್ಲೇ ಬಿದ್ದು ಕೊಳೀತಿತ್ತು, ಕೊಳೆತು ಮೀಥೇನ್ ಗ್ಯಾಸ್ ಬಿಡತಿತ್ತು ಅಂತ ನಾ ಹಿಡಿದೇನಿ. ಅದನ್ನ ತಪ್ಪಿಸಿದ ಪುಣ್ಯಾನೆಲ್ಲಾ ಆ ಯಂತ್ರಕ್ಕ ಕೊಟ್ಟೇನಿ. ನೀವು ಇಲ್ಲ ಅಂದ ಒಂದ ಮಾತಿನ ಮ್ಯಾಲ ನನ್ನ ತಕ್ಕಡಿ ನಿಂತೈತಿ.”

ಆಮೇಲೆ ಸಿಟ್ಟು ನುಂಗಿಕೊಂಡು ವಿವರಿಸಿದಳು. ಕೊಳೆಯುವ ಗೊನಿ ಬೇಯಿಸಿದರೆ ಲೆಕ್ಕ ಒಂದು, ಹೊಲದಲ್ಲಿ ಕೆಲಸ ಮಾಡುತ್ತಿದ್ದ ಗೊನಿ ಕಿತ್ತು ಬೇಯಿಸಿದರೆ ಲೆಕ್ಕ ಇನ್ನೊಂದು. ಆಗ ನಾವು ಹೆಚ್ಚು ನೀರೆತ್ತಬೇಕು, ಅಂಗಡಿಯ ಗೊಬ್ಬರ ತರಬೇಕು. ಆ ಕಡೆ ಬಾಯ್ಲರಿಗೆ ಕಟ್ಟಿಗೆ, ಆಸಿಡ್ಡಿನ ನೀರಿಗೆ ಸುಣ್ಣ. ಇಷ್ಟೆಲ್ಲ ಸೇರಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಭಾರವಾದರೂ ಆಗಬಹುದು. ಆದರೆ ನಾನೊಬ್ಬಳು ಮಾತು ತಿರುಗಿಸಿದರೆ ಉಳಿದ ಅರವತ್ತು ಇಲ್ಲ ಹಾಗೇ ಇರುತ್ತವೆ. ಯುಗಾದಿ ಆದ ವಾರ ಗಿರಣಿಯಲ್ಲಿ ಸಭೆ ಇದೆ, ಯಂತ್ರ ಕಾಯಂ ಮಾಡಬೇಕೋ ಬೇಡವೋ ಎಂದು ಕೇಳಲು ಮೇಲಿನಿಂದ ಅಧಿಕಾರಿ ಬರುತ್ತಾರೆ, ಊರೇ ಬಂದು ಹೇಳಬೇಕು ಎಂದಳು.

ಊರು ಹೇಳುತ್ತದೆಯೇ? ಮನೆಮನೆಗೆ ಹೋಗಿ ಕೈ ಹಿಡಿದು ಬೇಡಿದೆ. ಆವಾಗ ಇಲ್ಲ ಅಂದು ಈಗ ಹೌದು ಅಂದರೆ ಗೊನಿ ಕಳ್ಳರು ಅಂತ ಹಿಡಿಯುತ್ತಾರೆ, ನೀನೇ ಕಲಿಸಿದ್ದಲ್ಲವೇ ಎಂದ ಕನಕಪ್ಪ. ನಾನು ಕಲಿಸಿದ್ದನ್ನು ಅವರು ಇಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದು ನನಗೇ ಗೊತ್ತಿರಲಿಲ್ಲ.

ಸಭೆಯ ದಿನ ಗಿರಣಿಯ ಅಂಗಳದಲ್ಲಿ ಶಾಮಿಯಾನ. ‘ಕಸದಿಂದ ರಸ, ರಸದಿಂದ ಭೂಮಿತಾಯಿಗೆ ಹರುಷ’ ಎಂದು ಬ್ಯಾನರು. ಎಲ್ಲರಿಗೂ ಉಪ್ಪಿಟ್ಟು, ಶಿರಾ. ಊರು ಪೂರ್ತಿ ಬಂದಿದ್ದು ಅದಕ್ಕೇ. ಮೃತ್ಯುಂಜಯ ಸಾಹೇಬರು ಅರ್ಧ ತಾಸಿನಲ್ಲಿ ಹದಿನಾಲ್ಕು ಸಲ ಭೂಮಿತಾಯಿ ಎಂದರು. ಆ ತಾಯಿಗೆ ಅಷ್ಟು ಮಂದಿ ಮಕ್ಕಳಿದ್ದಾರೆಂದು ಅವಳಿಗಾದರೂ ಗೊತ್ತಿದೆಯೋ ಇಲ್ಲವೋ. ಕೊನೆಗೆ ಅಧಿಕಾರಿ, ಯಾರಾದರೂ ಗೊನೆ ಬಳಸುವವರಿದ್ದರೆ ಕೈ ಎತ್ತಿ ಎಂದರು. ಒಂದೂ ಕೈ ಏಳಲಿಲ್ಲ. ಎಲ್ಲರ ಕೈಯೂ ಶಿರಾದಲ್ಲಿ.

ನಾನು ಎದ್ದು ನಿಂತೆ. ನಾಲ್ಕು ವರ್ಷದಿಂದ ನಾನು ಬಳಸುತ್ತಿದ್ದೇನೆ, ಹಾಳೆಯಲ್ಲಿ ಸುಳ್ಳು ಬರೆಸಿದೆ ಎಂದು ಹೇಳಿದೆ. ಮೃತ್ಯುಂಜಯ ಸಾಹೇಬರು ನಗುತ್ತ ನನ್ನ ಸಹಿಯಿದ್ದ ಹಾಳೆ ಎತ್ತಿ ಹಿಡಿದರು.

“ಅಕ್ಕಾರ, ಆವಾಗ ಸುಳ್ಳ ಹೇಳಿದ್ರೋ, ಈಗ ಹೇಳಾಕತ್ತೀರೋ?”

“ಆವಾಗ ಹೇಳೇನ್ರಿ. ಈಗ ಖರೇ ಹೇಳಾಕತ್ತೇನಿ. ಎರಡಕ್ಕೂ ಬಾಯಿ ನಂದ.”

ಜನ ನಕ್ಕರು. ನಮ್ಮ ಊರಿನವರೂ ನಕ್ಕರು, ಅದು ಉರಿಯಿತು. ಆಗ ನನಗೆ ಕನಕಪ್ಪನ ಅಪ್ಪ ನೆನಪಾದ, ಅವನ ಇಲ್ಲದ ಫ್ರಿಜ್ಜು ನೆನಪಾಯಿತು. ನಮ್ಮವರು ಸರಕಾರದ ಮುಂದೆ ಬಡವರಾಗಲು ಸಿದ್ಧ. ನೆರೆಯವರ ಮುಂದೆ ಸಣ್ಣವರಾಗಲು ಸುತರಾಂ ಸಿದ್ಧರಿಲ್ಲ.

“ಬೋಳಗೊನಿ ತಂದಾಕಿ ಇಡೀ ಊರಾಗ ನಾ ಒಬ್ಬಾಕೀನ್ರಿ. ಇವರ ಕೈಲೆ ಎಲ್ಲಿ ಆಗತೈತಿ. ಈ ಕನಕಪ್ಪ ಒಂದ ಟ್ರ್ಯಾಕ್ಟರ್ ತಂದಿದ್ದ, ಅದೂ ಅರ್ಧಾ ದಾರ್ಯಾಗ ಚೆಲ್ಲಿ ಬಂದ.”

ಕನಕಪ್ಪ ತಟ್ಟೆ ಕೆಳಗಿಟ್ಟ.

“ಒಂದ? ಹನ್ನೊಂದು ಟ್ರ್ಯಾಕ್ಟರ್ ಹಾಕೇನಿ. ಬಂದು ನೋಡ್ರಿ ನನ್ನ ಹೊಲಾ.”

ಅವನ ಹನ್ನೊಂದು ಕೇಳಿ ಹಿಂದಿದ್ದವನು ಹದಿನೈದು ಎಂದ. ಅವನ ದಾಯಾದಿ ಇಪ್ಪತ್ತು ಎಂದ. ಹೆಂಗಸರೂ ಎದ್ದರು. ಮೂರು ಕುಂಬಳಬಳ್ಳಿಗೆ ಎಂಟು ಟ್ರ್ಯಾಕ್ಟರ್ ಹಾಕಿದ್ದೇನೆ ಎಂದಳು ಒಬ್ಬಳು. ವಾಣಿಶ್ರೀ ಮುಂದಿನ ಸಾಲಿನಲ್ಲಿ ಕೂತು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದಳು. ನಾನು ಗೆದ್ದೆ ಎಂದುಕೊಂಡು ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ.

ಮೃತ್ಯುಂಜಯ ಸಾಹೇಬರು ಅವಸರ ಮಾಡಲಿಲ್ಲ. ಎಲ್ಲರದೂ ಮುಗಿಯಲಿ ಎಂದು ಕಾದು, ಎಲ್ಲವನ್ನೂ ಕೂಡಿಸಲು ಹೇಳಿದರು. ಸಾವಿರದ ನಾನೂರ ಅರವತ್ತು ಟ್ರ್ಯಾಕ್ಟರ್. ಗಿರಣಿ ಹುಟ್ಟಿದ ದಿನದಿಂದ ಇಲ್ಲಿ ಬಿದ್ದ ಗೊನೆಯೇ ಒಟ್ಟು ಒಂಬೈನೂರು ಟ್ರ್ಯಾಕ್ಟರ್ ಎಂದು ತೂಕದ ರಜಿಸ್ಟರ್ ತೋರಿಸಿದರು. ಅದರಲ್ಲಿ ಅರ್ಧ ಇನ್ನೂ ಹಿಂದೆ ಗುಡ್ಡವಾಗಿ ಬಿದ್ದಿದೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲು ಸೊನ್ನೆ, ಈಗ ಇಷ್ಟು, ಇಂಥವರ ಮಾತನ್ನು ಎಲ್ಲಿ ಬರೆದುಕೊಳ್ಳಲಿ ಎಂದು ಫೈಲು ಮುಚ್ಚಲು ಹೋದರು.

ವಾಣಿಶ್ರೀ ಎದ್ದಳು. ಮುಖ ಕೆಂಪಾಗಿತ್ತು.

“ಇವರ ಬಾಯಿ ನಂಬಬ್ಯಾಡ್ರಿ ಸರ್. ನಾನೂ ನಂಬಂಗಿಲ್ಲ. ನೆಲಾ ಕೇಳ್ತೇನಿ. ಒಂದ ತಿಂಗಳ ಟೈಮ್ ಕೊಡ್ರಿ.”

ಅಧಿಕಾರಿ ಕೊಟ್ಟರು. ಆದರೆ ಗೇಟು ಅಲ್ಲಿಯವರೆಗೆ ಮುಚ್ಚಿಯೇ ಇರುತ್ತದೆ ಎಂದರು ಮೃತ್ಯುಂಜಯ ಸಾಹೇಬರು. ಏಪ್ರಿಲ್ ತಿಂಗಳು ಪೂರ್ತಿ. ಎಲೆಬಳ್ಳಿಗೆ ಏಪ್ರಿಲ್ ಎಂದರೆ ಏನು ಎಂದು ಆ ಶಾಮಿಯಾನದಲ್ಲಿ ನನಗೆ ಮತ್ತು ಮನೆಯವರಿಗೆ ಮಾತ್ರ ಗೊತ್ತಿತ್ತು.

ಹುಡುಗಿ ನಮ್ಮ ಮನೆಯಲ್ಲೇ ಉಳಿದಳು. ಗುದ್ದಲಿ, ತೂಕದ ತಕ್ಕಡಿ, ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಹಿಡಿದು ಒಂದೊಂದೇ ಹೊಲ ಅಗೆದು ನೋಡಿದಳು. ಬೋಳಗೊನಿ ಕರಗಿದರೂ ನಡುವಿನ ದಿಂಡು ಬೇಗ ಕರಗುವುದಿಲ್ಲ, ಅದನ್ನು ಎಣಿಸಿದಳು. ಅರವತ್ತೊಂದರಲ್ಲಿ ಇಪ್ಪತ್ತೇಳು ಹೊಲಗಳಲ್ಲಿ ಸಿಕ್ಕಿತು. ಕನಕಪ್ಪನ ಹನ್ನೊಂದು ಟ್ರ್ಯಾಕ್ಟರ್ ಎರಡಾಯಿತು. ಕುಂಬಳಬಳ್ಳಿಯವಳದು ಒಂದು ಬುಟ್ಟಿ. ಆದರೂ ಬುಟ್ಟಿ ಬುಟ್ಟಿಯೇ, ಬರೆದುಕೊಂಡಳು. ಗೊನಿ ಹಾಕುವ ಮುಂಚೆ ನೀರು ಎಷ್ಟು ಬೇಕಾಗುತ್ತಿತ್ತು, ಆಮೇಲೆ ಎಷ್ಟು ಎಂಬುದಕ್ಕೆ ಮಾತ್ರ ಯಾರ ಬಳಿಯೂ ಪುರಾವೆ ಇಲ್ಲ. ನನ್ನ ಬಾಯಿಮಾತು ಅವಳಿಗೆ ಬೇಡವಾಗಿತ್ತು, ತಪ್ಪೇನಿಲ್ಲ.

ಒಂದು ದಿನ ಮಧ್ಯಾಹ್ನ ಮನೆಯವರು ಅವಳಿಗೆ ಬಾ ಎಂದು ಕೈಸನ್ನೆ ಮಾಡಿದರು. ಪಂಪಿನ ಶೆಡ್ಡಿಗೆ ಕರೆದೊಯ್ದು ಒಳಗೋಡೆ ತೋರಿಸಿದರು. ನಾನು ಆ ಕತ್ತಲ ಶೆಡ್ಡಿನೊಳಗೆ ಕಾಲಿಟ್ಟವಳಲ್ಲ, ಅಲ್ಲಿ ಚೇಳು. ಗೋಡೆ ತುಂಬ ಇದ್ದಿಲಿನ ಗೆರೆ. ತೋಟ ನೆಟ್ಟ ಹನ್ನೆರಡು ವರ್ಷದಿಂದ ನೀರು ಬಿಟ್ಟಾಗಲೆಲ್ಲ ಒಂದು ಗೆರೆ, ಹಬ್ಬ ಬಂದಾಗ ಒಂದು ಸೊನ್ನೆ. ಹೋಳಿಯಿಂದ ಯುಗಾದಿಯವರೆಗೆ ಮೊದಲೆಲ್ಲ ಎಂಟು ಗೆರೆ. ಗೊನಿ ಹಾಸಿದ ನಾಲ್ಕು ವರ್ಷ ನಾಲ್ಕೇ ಗೆರೆ. ಈ ವರ್ಷ ಹನ್ನೊಂದು.

ವಾಣಿಶ್ರೀ ಫೋಟೋ ಹೊಡೆದೇ ಹೊಡೆದಳು. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದು ನಾನು ಗಂಡನ ಮೇಲೆ ಹರಿಹಾಯ್ದೆ.

“ನೀ ಕೇಳಲಿಲ್ಲ,” ಎಂದರು.

ನಾನು ಆ ಗೆರೆಗಳನ್ನು ಮತ್ತೆ ಮೊದಲಿನಿಂದ ಎಣಿಸಿದೆ.

ಮೇ ಎರಡನೆಯ ವಾರ ಹೊಸ ವರದಿ ಬಂತು. ಯಂತ್ರ ಪಾಪಿಯೂ ಅಲ್ಲ, ಪುಣ್ಯವಂತನೂ ಅಲ್ಲ. ಗುಡ್ಡವಾಗಿ ಬಿದ್ದು ಕೊಳೆಯುವುದನ್ನು ಬೇಯಿಸಿದರೆ ಲಾಭ. ಹೊಲಕ್ಕೆ ಹೋಗುವುದನ್ನು ಕಿತ್ತು ಬೇಯಿಸಿದರೆ ನಷ್ಟ, ಆ ನಷ್ಟ ಎಷ್ಟು ಎಂದು ನಮ್ಮ ಮನೆಯವರ ಇದ್ದಿಲು ಗೆರೆ ಹಿಡಿದು ಬರೆದಿದ್ದಳು. ಸೋಮವಾರ, ಗುರುವಾರ ಮೊದಲು ರೈತರ ಟ್ರ್ಯಾಕ್ಟರ್ ತುಂಬಬೇಕು, ಉಳಿದದ್ದು ಯಂತ್ರಕ್ಕೆ ಎಂದು ಅಧಿಕಾರಿ ಬರೆದು ಹೋದರು. ಕನಕಪ್ಪ ಊರಿಗೆಲ್ಲ ಪೇಢೆ ಹಂಚಿದ, ಗೆದ್ದದ್ದು ತನ್ನ ಹನ್ನೊಂದರಿಂದಲೇ ಎಂದು ಇವತ್ತಿಗೂ ಹೇಳುತ್ತಾನೆ. ಮೊದಲ ಗುರುವಾರ ಮಲ್ಲಿಕಸಾಬ ಮೊದಲ ಟ್ರ್ಯಾಕ್ಟರ್ ನನ್ನ ತೋಟಕ್ಕೇ ತಂದು ಸುರಿದ. ಹಸಿ ಗೊನಿಯ ಆ ಹೊಲಸು ವಾಸನೆ ಎಷ್ಟು ಹಿತವಾಗಿತ್ತೆಂದರೆ ನಾನು ಅದರ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡೆ.

ಮಳೆ ಬೀಳುವ ಮುಂಚೆ ವಾಣಿಶ್ರೀ ಕೊನೆಯ ಬಾರಿ ಬಂದಳು. ಗೇಟು ಮುಚ್ಚಿದ್ದ ನಾಲ್ಕು ತಿಂಗಳಲ್ಲಿ ಆದ ನಷ್ಟ ಬರೆದುಕೊಳ್ಳಬೇಕಿತ್ತು. ಅದೇ ಕಟ್ಟೆ, ಅದೇ ಪೆನ್ನು, ಮೊದಲು ಕೇಳಿದ್ದು ನನ್ನನ್ನೇ.

“ಮಹಾದೇವಕ್ಕಾರ, ನಿಮ್ಮ ತೋಟದಾಗ ಬಳ್ಳಿ ಏನರ ಒಣಗ್ಯಾವೇನ್ರಿ?”

ಊರಿನ ಅರ್ಧ ಜನ ಸುತ್ತ ನಿಂತಿದ್ದರು. ಬಾಯಿಗೆ ಅದೇ ಹಳೆಯ ಮಾತು ಬಂತು. ಈ ಸಲ ನಷ್ಟದ ಭಯವಲ್ಲ, ನಾಚಿಕೆ. ಸವಣೂರ ಪೇಟೆಯಲ್ಲಿ ಬಿಚ್ಚಿ ನೋಡದೆ ಒಯ್ಯುವ ಪೆಂಡಿ ನನ್ನದು. ನಾನು ಎದ್ದು ಅವಳ ಕೈ ಹಿಡಿದು ತೋಟಕ್ಕೆ ಕರೆದೊಯ್ದೆ, ಊರೂ ಹಿಂದೆ ಬಂತು. ಪಡುವಣ ಅಂಚಿನಲ್ಲಿ, ಬಳ್ಳಿ ಹಬ್ಬಿಸಿದ್ದ ನುಗ್ಗೆ ಮರಗಳಿಗೆ ಒಣಗಿ ಹುರಿಯಾದ ಬಳ್ಳಿಗಳು ಜೋತುಬಿದ್ದಿದ್ದವು. ಮನೆಯವರು ಅವನ್ನು ಇನ್ನೂ ಬಿಚ್ಚಿರಲಿಲ್ಲ.

“ಒಂಬತ್ತು ಸಾಲ ಬರ್ಕೊ, ತಂಗಿ. ಒಂಬತ್ತನೇದ್ದು ನಮ್ಮವ್ವ ಹಚ್ಚಿದ್ದು.”

ಅವಳು ಬರೆದುಕೊಂಡಳು. ಒಂದನ್ನೂ ಹೆಚ್ಚಿಸಲಿಲ್ಲ, ಒಂದನ್ನೂ ಇಳಿಸಲಿಲ್ಲ. ಕಾರಣದ ಜಾಗದಲ್ಲಿ ಗೇಟು ಮುಚ್ಚಿದ್ದು ಎಂದು ಬರೆಯತೊಡಗಿದಳು. ನಾನು ಪೆನ್ನು ಹಿಡಿದು ನಿಲ್ಲಿಸಿದೆ.

“ಹದಿನೇಳನೇ ಪ್ರಶ್ನಿಗೆ ಮಹಾದೇವಕ್ಕ ಇಲ್ಲ ಅಂದದ್ದಕ್ಕ ಅಂತ ಬರಿ.”

ಅಷ್ಟು ಬರೆಯಲು ಈ ಹಾಳೆಯಲ್ಲಿ ಜಾಗ ಇಲ್ಲ ಎಂದಳು ಹುಡುಗಿ. ಹಿಂದಿನ ಪುಟದಲ್ಲಿ ಬರಿ ಎಂದೆ. ಬರೆದಳು, ನಾನು ಕೆಳಗೆ ಸಹಿ ಹಾಕಿದೆ. ಆಮೇಲೆ ಅವಳು ಕನಕಪ್ಪನ ಕಡೆ ತಿರುಗಿ, ನಿಮ್ಮ ಹೊಲದಲ್ಲಿ ಎಷ್ಟು ಒಣಗಿತು ಎಂದು ಕೇಳಿದಳು. ಅವನು ನನ್ನ ಮುಖ ನೋಡಿದ. ನಾನು ಕೆಮ್ಮಲಿಲ್ಲ.